ಪರದೆ ಎಳೆದು ಕೇಳಿದ ಸಿಸ್ಟರ್‌ಗೆ

ಕುಡಿತ ಬಿಟ್ಟು ಇವತ್ತಿಗೆ ಒಂದು ವರ್ಷ ಆಯಿತು. ಕೈಹಿಡಿದು ನಡೆಸಿದವರು ತುಂಬಾ ಜನ. ಎಲ್ಲರಿಗೂ ಋಣಿ. ಆದರೆ ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಇಬ್ಬರಿಗೆ: ಒಬ್ಬರು ನರ್ಸ್, ಇನ್ನೊಬ್ಬರು ಅರಿವಳಿಕೆ ಡಾಕ್ಟರ್.

ಎರಡು ತಿಂಗಳ ಹಿಂದೆ ಮೆಟ್ಟಿಲಲ್ಲಿ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ತುರ್ತು ವಿಭಾಗದಲ್ಲಿ ಮಾರ್ಫಿನ್ ಕೊಟ್ಟರು. ಎಷ್ಟು ಹೊತ್ತಾದರೂ ನೋವು ಒಂಚೂರೂ ಇಳಿಯಲಿಲ್ಲ. ಇನ್ನೊಂದು ಡೋಸ್ ತುಂಬುತ್ತಿದ್ದ ಸಿಸ್ಟರ್ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಮಾತ್ರೆ ಏನಾದರೂ ತಗೊಳ್ತೀರಾ ಅಂತ ಬಂದ ಕೂಡಲೇ ಕೇಳಿದ್ದರು, ನಾನು ಇಲ್ಲ ಅಂದಿದ್ದೆ. ಪಕ್ಕದ ಹಾಸಿಗೆಯವರಿಗೆ ಕೇಳಿಸುತ್ತಲ್ಲ ಅನ್ನುವ ನಾಚಿಕೆ. ಈ ಸಲ ಪರದೆ ಎಳೆದು, ಬಗ್ಗಿ, ಮೆಲ್ಲಗೆ ಕೇಳಿದರು. ಹೇಳಿಬಿಟ್ಟೆ: ಕುಡಿಯುವ ಆಸೆ ತಗ್ಗಿಸಲು ಕೊಟ್ಟ ನಾಲ್ಟ್ರೆಕ್ಸೋನ್, 50 ಮಿಲಿಗ್ರಾಂ, ಬೆಳಿಗ್ಗೆ ತಾನೇ ನುಂಗಿದ್ದು. ಅವರು ಸಿರಿಂಜನ್ನು ಟ್ರೇಯಲ್ಲಿಟ್ಟು, "ಹೇಳಿದ್ದು ಒಳ್ಳೇದಾಯ್ತು" ಅಂದರು. ಅಷ್ಟೇ. ಮುಖ ಸಿಂಡರಿಸಲಿಲ್ಲ.

ಆಮೇಲೆ ಡಾಕ್ಟರ್ ಬಂದು ಸ್ಟೂಲ್ ಎಳೆದುಕೊಂಡು ಕೂತು ವಿವರಿಸಿದರು. ಮಾರ್ಫಿನ್, ಫೆಂಟನಿಲ್ ಥರದ ಔಷಧಿ ಹೋಗಿ ಕೂರುವ ಕುರ್ಚಿಗಳು ಮಿದುಳಿನಲ್ಲಿವೆ. ಕುಡಿತದ ಸುಖಕ್ಕೂ ಅಲ್ಲಿಗೂ ನಂಟಿದೆ. ನಾಲ್ಟ್ರೆಕ್ಸೋನ್ ಅಲ್ಲಿ ಮೊದಲೇ ಕೂತುಬಿಡುತ್ತೆ, ಒಂದು ದಿನವಾದರೂ ಏಳುವುದಿಲ್ಲ. ನಾಟಲಿಲ್ಲ ಅಂತ ಸುಮ್ನೆ ಡೋಸ್ ಏರಿಸುತ್ತಾ ಹೋದರೆ, ಒಂದು ಹಂತದಲ್ಲಿ ಆ ತಡೆ ಮುರಿದು ಉಸಿರೇ ನಿಲ್ಲಬಹುದು.

ನಿದ್ದೆ ಬರಿಸುವ ಮಿಡಜೋಲಾಮ್, ಪ್ರೊಪೊಫಾಲ್‌ಗಳ ಕುರ್ಚಿ ಬೇರೆ, ಗಾಬಾ ಅಂತ. ಅವುಗಳನ್ನು ನನ್ನ ಮಾತ್ರೆ ತಡೆಯುವುದಿಲ್ಲ. ಎಷ್ಟೋ ಕಡೆ ಮಿಡಜೋಲಾಮ್ ಜೊತೆ ಫೆಂಟನಿಲ್ ಸೇರಿಸಿ ಕೊಡುತ್ತಾರೆ. ಒಂದು ಮಂಪರಿಗೆ, ಇನ್ನೊಂದು ನೋವಿಗೆ. ನನ್ನಂಥವರಿಗೆ ಮಂಪರು ಬರುತ್ತೆ, ನೋವು ಹಾಗೇ ಉಳಿಯುತ್ತೆ. ಒದ್ದಾಡುತ್ತಿದ್ದಾರೆ ಅಂತ ಮಂಪರಿನ ಔಷಧಿಯನ್ನೇ ಜಾಸ್ತಿ ಮಾಡಿದರೂ ಉಸಿರಿಗೆ ಅಪಾಯ. ಇಷ್ಟು ಕೇಳುವ ಹೊತ್ತಿಗೆ ನನಗೆ ನೋವಿಗಿಂತ ಆ 'ಇಲ್ಲ' ಅಂದಿದ್ದೇ ಚುಚ್ಚುತ್ತಿತ್ತು.

ಅಲ್ಟ್ರಾಸೌಂಡ್ ಪರದೆ ನೋಡುತ್ತಾ ಕೈಯ ನರಗಳ ಸುತ್ತ ಮರಗಟ್ಟಿಸುವ ಔಷಧಿ ಬಿಟ್ಟರು. ಬೆರಳು ಬಿಸಿಯಾಯಿತು, ಭಾರವಾಯಿತು, ಕೊನೆಗೆ ಯಾರದೋ ಕೈ ಪಕ್ಕದಲ್ಲಿಟ್ಟ ಹಾಗಾಯಿತು. ಜೊತೆಗೆ ಒಂದಿಷ್ಟು ಮಿಡಜೋಲಾಮ್. ಎಚ್ಚರವಾದಾಗ ಪ್ಲಾಸ್ಟರ್ ಬಿದ್ದಿತ್ತು. ಆಮೇಲಿನ ನೋವಿಗೆ ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಸಾಕಾಯಿತು.

ಮೊದಲೇ ಗೊತ್ತುಮಾಡಿದ ಆಪರೇಷನ್ ಆದರೆ ಮಾತ್ರೆಯನ್ನು ಸಾಮಾನ್ಯವಾಗಿ 3 ದಿನ ಮುಂಚೆ ನಿಲ್ಲಿಸುತ್ತಾರಂತೆ. ತಿಂಗಳಿಗೊಮ್ಮೆಯ ಇಂಜೆಕ್ಷನ್ ಆದರೆ ಸುಮಾರು 4 ವಾರ. ನಾವಾಗಿಯೇ ನಿಲ್ಲಿಸುವ ವಿಷಯವಲ್ಲ ಇದು. ನಿಲ್ಲಿಸಿದ ಮೇಲೆ ಮಾರ್ಫಿನ್ ಥರದ್ದು ಮೊದಲಿಗಿಂತ ಜೋರಾಗಿ ನಾಟಬಹುದು ಅಂತಲೂ ಡಾಕ್ಟರ್ ಎಚ್ಚರಿಸಿದ್ದಾರೆ.

ಡಾಕ್ಟರೇ, ಅಷ್ಟು ತಾಳ್ಮೆಯಿಂದ ಹೇಳಿದಿರಿ. ತುಂಬಾ ಥ್ಯಾಂಕ್ಸ್.

ಸಿಸ್ಟರ್, ಮನೆಗೆ ಹೊರಡುವ ದಿನ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಒಂದು ಕಾರ್ಡ್ ಬರೆದು ತೋರಿಸಿದ್ದೆ, ನೆನಪಿದೆಯಾ? ಮಾತ್ರೆಯ ಹೆಸರಿನ ಕೆಳಗೆ ತಗೊಳ್ಳುವ ಹೊತ್ತನ್ನೂ ಬರೆಯಿರಿ ಅಂದಿದ್ದಿರಿ. ಬರೆದಿದ್ದೇನೆ. ಪರ್ಸಿನಲ್ಲಿ ಎಲ್ಲಕ್ಕಿಂತ ಮುಂದೆ ಇದೆ.