ಗ್ರಾಮಸಭೆಯ ಖಾಲಿ ಕುರ್ಚಿಗಳು

ಮಾನ್ಯ ಸಂಪಾದಕರೇ,

ಆಗಸ್ಟ್ 15ರಂದು ಶಾಲಾ ಮೈದಾನದಲ್ಲಿ ಕಾಲಿಡಲು ಜಾಗವಿಲ್ಲದಂತೆ ಸೇರುವ ನಮ್ಮೂರಿನ ಜನ, ಪಕ್ಕದ ಪಂಚಾಯಿತಿ ಕಟ್ಟಡದಲ್ಲಿ ಗ್ರಾಮಸಭೆ ನಡೆಯುವ ದಿನ ಕಾಣಸಿಗುವುದಿಲ್ಲ. ಕಳೆದ ಸಭೆಗೆ ಬಂದವರಲ್ಲಿ ಅರ್ಧದಷ್ಟು ಮಂದಿ ಮನೆ ಮಂಜೂರಾತಿಯ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿಕೊಂಡು ಎದ್ದುಹೋದರು. ಜಮಾ–ಖರ್ಚಿನ ಲೆಕ್ಕ ಓದುವ ಹೊತ್ತಿಗೆ ಜನರಿಗಿಂತ ಕುರ್ಚಿಗಳೇ ಹೆಚ್ಚಾಗಿದ್ದವು. ಕುಡಿಯುವ ನೀರಿನ ಕಾಮಗಾರಿಯ ಬಿಲ್ಲಿನ ಬಗ್ಗೆ ಪ್ರಶ್ನೆ ಕೇಳಿದ ಮಹಿಳೆಯೊಬ್ಬರಿಗೆ ಹಿಂದಿನ ಸಾಲಿನಿಂದ ಬಂದ ಉತ್ತರ, ‘ಊರಿನ ಮರ್ಯಾದೆ ತೆಗೀಬೇಡಮ್ಮ’ ಎಂಬುದು. (ಅವರು ಕೇಳಿದ್ದು ಪೈಪಿನ ಲೆಕ್ಕವನ್ನಷ್ಟೇ.)

ಪ್ರಶ್ನಿಸುವುದು ಊರಿಗೋ ದೇಶಕ್ಕೋ ಮಾಡುವ ಅಗೌರವ ಎಂಬ ಭಾವನೆಗೆ ಸಂವಿಧಾನದಲ್ಲಿ ಆಧಾರವಿಲ್ಲ. ಮೂಲಭೂತ ಕರ್ತವ್ಯಗಳನ್ನು ಹೇಳುವ 51ಎ ವಿಧಿಯು ಸಂವಿಧಾನದ ಆದರ್ಶಗಳನ್ನೂ ಸಂಸ್ಥೆಗಳನ್ನೂ ಗೌರವಿಸುವ ಹೊಣೆಯನ್ನು ರಾಷ್ಟ್ರಧ್ವಜ, ರಾಷ್ಟ್ರಗೀತೆಗಳ ಜೊತೆಗೇ, ಒಂದೇ ವಾಕ್ಯದಲ್ಲಿ ಇರಿಸಿದೆ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿಯ ಪ್ರಕಾರ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಅಲ್ಲಿ ಯಾರೂ ಅತಿಥಿಗಳಲ್ಲ.

ಹಾಗೆಂದು ತಪ್ಪೆಲ್ಲ ಜನರದೇ ಅಲ್ಲ. ಬಿತ್ತನೆಯ ದಿನಗಳಲ್ಲಿ ಬೆಳಿಗ್ಗೆ 11 ಗಂಟೆಗೆ ಸಭೆ ಕರೆದರೆ ಕೂಲಿ ಬಿಟ್ಟು ಬರುವವರು ಯಾರು? ವಾರ ಮೊದಲೇ ಡಂಗುರ ಸಾರಿಸಿ, ಸಂಜೆ ಸಭೆ ಸೇರಿಸಿ, ಹಿಂದಿನ ಸಭೆಯ ನಿರ್ಣಯಗಳು ಏನಾದವೆಂಬುದನ್ನು ಎಲ್ಲಕ್ಕಿಂತ ಮೊದಲು ಓದಿ ಹೇಳುವುದನ್ನು ಪಂಚಾಯತ್ ರಾಜ್ ಇಲಾಖೆ ಕಟ್ಟುನಿಟ್ಟಾಗಿ ಜಾರಿಗೊಳಿಸಬೇಕು.

– ಒಬ್ಬ ಓದುಗ, ತುಮಕೂರು ಜಿಲ್ಲೆ