ಮುಗೀತು ಗುರು, ಮಲಗ್ತೀನಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜನ್ನು ನಾನಿನ್ನೂ ಅಳಿಸಿಲ್ಲ. 2025ರ ಜೂನ್ 8, ಭಾನುವಾರ, ರಾತ್ರಿ ಹತ್ತರ ಆಚೀಚೆ. ‘ಮುಗೀತು ಗುರು, ಮಲಗ್ತೀನಿ.’ ಫ್ರೆಂಚ್ ಓಪನ್ ಟೆನಿಸ್ ಫೈನಲ್‌ನಲ್ಲಿ ಆಗ ಇಟಲಿಯ ಸಿನ್ನರ್ ಎರಡು ಸೆಟ್ ಗೆದ್ದಿದ್ದ, ಸ್ಪೇನಿನ ಅಲ್ಕರಾಜ್ ಒಂದು. ನಾಲ್ಕನೇ ಸೆಟ್ಟಿನಲ್ಲೂ ಸಿನ್ನರ್ 5–3 ಮುಂದೆ. ಸರ್ವ್ ಅಲ್ಕರಾಜ್‌ದು, ಸ್ಕೋರು 0–40. ಸಿನ್ನರ್ ಕೈಯಲ್ಲಿ ಮೂರು ಚಾಂಪಿಯನ್‌ಶಿಪ್ ಪಾಯಿಂಟ್. ಒಂದು ಸಿಕ್ಕಿದ್ದರೂ ಸಾಕಿತ್ತು. ನಿನ್ನ ಲೆಕ್ಕ ತಪ್ಪು ಅಂತ ಆ ಹೊತ್ತಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಬೆಳಿಗ್ಗೆ ಎದ್ದು ‘ಎಬ್ಬಿಸೋಕೆ ಏನಾಗಿತ್ತು ನಿಂಗೆ?’ ಅಂತ ನನ್ನನ್ನೇ ಬೈದೆಯಲ್ಲ, ಅದಕ್ಕೇ ಈ ಪತ್ರ.

ನಿನಗಿದು ಹೊಸದೇನಲ್ಲ ಮಾರಾಯ. 2004ರ ಜೂನ್ 6 ನೆನಪಿದೆಯಾ? ಅದೂ ಭಾನುವಾರವೇ. ಹಾಸ್ಟೆಲ್ಲಿನ ಟಿವಿ ರೂಮು, ಕಾಲು ಮುರಿದ ಬೆಂಚು. ಇದೇ ಫ್ರೆಂಚ್ ಓಪನ್, ಅರ್ಜೆಂಟೀನಾದವರೇ ಇಬ್ಬರು ಫೈನಲ್‌ನಲ್ಲಿ. ಮೂರನೇ ಶ್ರೇಯಾಂಕದ ಗಿಲೆರ್ಮೊ ಕೊರಿಯಾ ಒಂದು ಕಡೆ, ಶ್ರೇಯಾಂಕವೇ ಇಲ್ಲದ ಗಾಸ್ಟನ್ ಗೌಡಿಯೊ ಇನ್ನೊಂದು ಕಡೆ. ಮೊದಲ ಸೆಟ್ 6–0, ಎರಡನೆಯದು 6–3, ಎರಡೂ ಕೊರಿಯಾಗೆ. ಮೆಸ್ ಮುಚ್ಚಿಬಿಡ್ತಾರೆ ಅಂತ ನೀನು ತಟ್ಟೆ ಹಿಡಿದುಕೊಂಡು ಎದ್ದೆ. ನಾನು ಅಲ್ಲೇ ಕೂತೆ. ಟೆನಿಸ್ ಪ್ರೇಮದಿಂದಲ್ಲ, ಸತ್ಯ ಹೇಳ್ತೀನಿ, ಮಧ್ಯಾಹ್ನ ಜಾಸ್ತಿ ತಿಂದು ಹೊಟ್ಟೆ ಭಾರವಾಗಿತ್ತು.

ಮೂರನೇ ಸೆಟ್ಟಿನ ನಡುವೆ ಆಟ ಸಪ್ಪೆಯಾಗಿ, ಸ್ಟೇಡಿಯಂನ ಜನ ಬೇಜಾರಿಗೆ ಸಾಲುಸಾಲಾಗಿ ಎದ್ದು ಕೂತು ಮೆಕ್ಸಿಕನ್ ಅಲೆ ಎಬ್ಬಿಸತೊಡಗಿದರು. ಗೌಡಿಯೊ ನಕ್ಕ. ಅಲ್ಲಿಯವರೆಗೆ ಮುಖ ಗಂಟಿಕ್ಕಿಕೊಂಡಿದ್ದವನು ಆಮೇಲೆ ಬೇರೆಯೇ ಮನುಷ್ಯ. ಆ ಸೆಟ್ 6–4ರಲ್ಲಿ ಅವನಿಗೆ. ನಾಲ್ಕನೆಯದರಲ್ಲಿ ಕೊರಿಯಾನ ಮೀನಖಂಡ ಹಿಡಿದುಕೊಂಡಿತು. ಸರ್ವ್ ಅಂದರೆ ಸುಮ್ನೆ ಚೆಂಡನ್ನು ನೆಟ್ ದಾಟಿಸುವುದು, ಅಷ್ಟೇ. ಓಡಲು ಆಗದೆ, ಬಂದ ಚೆಂಡನ್ನೆಲ್ಲ ಗೆರೆಗೆ ಹೊಡೆಯುತ್ತಿದ್ದ. ಹಾಗೆ ಕುಂಟುತ್ತಲೇ ಐದನೇ ಸೆಟ್ಟಿನಲ್ಲಿ ಎರಡು ಚಾಂಪಿಯನ್‌ಶಿಪ್ ಪಾಯಿಂಟ್‌ವರೆಗೆ ಬಂದ. ಎರಡನ್ನೂ ಹೊರಗೆ ಹೊಡೆದ. ಕೊನೆಗೆ 8–6, ಗೌಡಿಯೊಗೆ. ನೀನು ತಟ್ಟೆ ತೊಳೆದುಕೊಂಡು ಬರುವಷ್ಟರಲ್ಲಿ ಅಂತ ಹೇಳಿದರೆ ಸುಳ್ಳಾದೀತು. ಊಟ ಮುಗಿಸಿ ನೀನು ಗೊರಕೆ ಹೊಡೆಯುತ್ತಿದ್ದೆ.

ಕಪ್ ಕೊಡಲು ಬಂದವನು ಗಿಲೆರ್ಮೊ ವಿಲಾಸ್, 1977ರಲ್ಲಿ ಅಲ್ಲೇ ಗೆದ್ದವನು. ಕೊರಿಯಾಗೆ ಅಪ್ಪ ಅಮ್ಮ ಇಟ್ಟಿದ್ದು ಇದೇ ವಿಲಾಸ್‌ನ ಹೆಸರು. ತನ್ನ ಹೆಸರಿನವನ ಕೈಯಿಂದ ಕಪ್ ಪಕ್ಕದವನಿಗೆ ಹೋಗುವುದನ್ನು ಆ ಹುಡುಗ ನಿಂತು ನೋಡಬೇಕಾಯಿತು. ನನಗೆ ಆ ಫೈನಲ್ ಅಂದರೆ ಇವತ್ತಿಗೂ ಆ ಮುಖವೇ. ಮರುವರ್ಷ ರೋಮ್ ಫೈನಲ್‌ನಲ್ಲಿ ನಡಾಲ್ ಎದುರು ಐದು ಗಂಟೆಗೂ ಮೀರಿ ಆಡಿ ಸೋತ. ಭುಜದ ಆಪರೇಶನ್ ಆಗಿತ್ತು. ಸರ್ವ್ ಕೆಡುತ್ತಾ ಹೋಯಿತು, ಡಬಲ್ ಫಾಲ್ಟ್ ಮೇಲೆ ಡಬಲ್ ಫಾಲ್ಟ್. 2009ರಲ್ಲಿ, 27ನೇ ವಯಸ್ಸಿಗೇ ರಾಕೆಟ್ ಕೆಳಗಿಟ್ಟ.

ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್‌ನ ಆ ನೆಲವೇ ಹಾಗೆ ಕಣೋ. ಆವೆಮಣ್ಣು ಅಂತ ಪೇಪರಿನವರು ಬರೆಯುತ್ತಾರೆ, ಆದರೆ ಮೇಲಿರುವುದು ಕೆಂಪು ಇಟ್ಟಿಗೆ ಅರೆದ ಪುಡಿ. ಅದೂ ಒಂದೆರಡು ಮಿಲಿಮೀಟರ್. ಕೆಳಗೆ ಬಿಳಿ ಸುಣ್ಣಕಲ್ಲು, ಅದರ ಕೆಳಗೆ ಕಲ್ಲಿದ್ದಲ ಕಿಟ್ಟ, ಜಲ್ಲಿ. ಚೆಂಡು ಬಿದ್ದ ಕೂಡಲೇ ಪುಡಿ ಅದನ್ನು ಹಿಡಿದು ಜಗ್ಗುತ್ತದೆ, ವೇಗ ಇಳಿಸಿ ಮೇಲಕ್ಕೆತ್ತುತ್ತದೆ. ಹುಲ್ಲಿನ ಮೇಲೆ ಒಂದೇಟಿಗೆ ಮುಗಿಯುವ ಪಾಯಿಂಟನ್ನು ಇಲ್ಲಿ ಮೂರು ಸಲ ಗೆಲ್ಲಬೇಕು. ಸಂಶಯ ಬಂದರೆ ಅಂಪೈರ್ ಕುರ್ಚಿಯಿಂದ ಇಳಿದು ಬಂದು, ಅಂಗಳದಲ್ಲಿ ಮೂಗುತಿ ಕಳಕೊಂಡವರ ಹಾಗೆ ಬಗ್ಗಿ ಚೆಂಡಿನ ಗುರುತು ಹುಡುಕುತ್ತಾನೆ. ಉಳಿದ ಮೂರೂ ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಈಗ ಮಷೀನೇ ಲೈನ್ ನೋಡುತ್ತದೆ. ಪ್ಯಾರಿಸ್‌ನಲ್ಲಿ ಮಾತ್ರ ಇನ್ನೂ ಮನುಷ್ಯನ ಕಣ್ಣು. ನನಗಂತೂ ಅದೇ ಇಷ್ಟ.

ಸರಿ, ನೀನು ಮಲಗಿದ ಮೇಲೆ ಏನಾಯಿತು? ಅಲ್ಕರಾಜ್ ಆ ಮೂರನ್ನೂ ಉಳಿಸಿಕೊಂಡ. ಸಿನ್ನರ್ 5–4ರಲ್ಲಿ ಪಂದ್ಯ ಮುಗಿಸಲು ಸರ್ವ್ ಮಾಡಿದ, ಅದನ್ನೂ ಕಳೆದುಕೊಂಡ. 6–6 ಆಗಿ, ಸೆಟ್ ಯಾರಿಗೆಂದು ತೀರ್ಮಾನಿಸುವ ಟೈಬ್ರೇಕರ್ ಅಲ್ಕರಾಜ್‌ಗೆ. ಐದನೆಯದರಲ್ಲಿ ಕಥೆ ತಿರುಗಾ ಮುರುಗಾ: ಈಗ ಅಲ್ಕರಾಜ್ 5–4ರಲ್ಲಿ ಮುಗಿಸಬೇಕು, ಸಿನ್ನರ್ ಬಿಡಲಿಲ್ಲ! ಕೊನೆಗೆ ಹತ್ತು ಪಾಯಿಂಟಿನ ಟೈಬ್ರೇಕರ್, 10–2. 5 ಗಂಟೆ 29 ನಿಮಿಷ. ಆ ಟೂರ್ನಿಯ ಅತಿ ದೀರ್ಘ ಫೈನಲ್. ಹಳೆಯ ದಾಖಲೆ 1982ರದು, 4 ಗಂಟೆ 42 ನಿಮಿಷ. ಅದರಲ್ಲಿ ಸೋತವನು ಯಾರು ಗೊತ್ತಾ? ಅದೇ ವಿಲಾಸ್. ಹದಿನೇಳರ ಹುಡುಗ ವಿಲಾಂಡರ್ ಎದುರು.

ಇನ್ನೊಂದು ಲೆಕ್ಕ ಕೇಳು. ಪಂದ್ಯವಿಡೀ ಸಿನ್ನರ್ ಗೆದ್ದ ಪಾಯಿಂಟು 193, ಅಲ್ಕರಾಜ್ 192. ಜಾಸ್ತಿ ಗೆದ್ದವನೇ ಸೋತ. ನಾನು ಎರಡೆರಡು ಸಲ ನೋಡಿದೆ ಅದನ್ನು.

ಜೂನ್ 8 ಅಂದೆನಲ್ಲ, 2017ರ ಅದೇ ದಿನ ನಮ್ಮ ಕೊಡಗಿನ ಬೋಪಣ್ಣ ಅಲ್ಲೇ ಕೆನಡಾದ ಡಬ್ರೋವ್‌ಸ್ಕಿ ಜೊತೆ ಮಿಶ್ರ ಡಬಲ್ಸ್ ಗೆದ್ದಿದ್ದು. ಅವರೂ ಎರಡು ಚಾಂಪಿಯನ್‌ಶಿಪ್ ಪಾಯಿಂಟ್ ಉಳಿಸಿಕೊಂಡೇ ಗೆದ್ದರು, ಕೊನೆಯ ಟೈಬ್ರೇಕರ್ 12–10. ಅದನ್ನಾದರೂ ಪೂರ್ತಿ ನೋಡಿದ್ದೆಯಾ? ನಂಬಿಕೆಯಿಲ್ಲ ನನಗೆ.

ಆ ರಾತ್ರಿ ಹನ್ನೆರಡು ದಾಟಿದ ಮೇಲೆ ಟಿವಿ ಆರಿಸಿದರೂ ನಿದ್ದೆ ಬರಲಿಲ್ಲ. ಕೆಂಪು ಪುಡಿಯಲ್ಲಿ ಅಂಗಾತ ಬಿದ್ದಿದ್ದ ಅಲ್ಕರಾಜ್ ಅಲ್ಲ, ಸಿನ್ನರ್ ಕಣ್ಣ ಮುಂದೆ. ಇವನೂ ಕೊರಿಯಾನ ದಾರಿ ಹಿಡಿದುಬಿಟ್ಟರೆ ಅಂತ. ಐದೇ ವಾರ, ವಿಂಬಲ್ಡನ್ ಫೈನಲ್, ಎದುರಿಗೆ ಅದೇ ಅಲ್ಕರಾಜ್. ಸಿನ್ನರ್ ಮೊದಲ ಸೆಟ್ ಸೋತಾಗ ನನ್ನ ಕೈ ತಣ್ಣಗಾಯಿತು. ಆಮೇಲೆ ಮೂರೂ ಅವನಿಗೇ, 6–4, 6–4, 6–4. ನಾಲ್ಕನೆಯದರಲ್ಲಿ 5–4 ಆಗಿ ಸಿನ್ನರ್ ಮತ್ತೆ ಸರ್ವ್‌ಗೆ ನಿಂತಾಗ ನಿನ್ನ ಮೆಸೇಜಿಗೆ ಕಾದೆ. ಬರಲಿಲ್ಲ. ಎಲ್ಲ ಮುಗಿದು, ಇಬ್ಬರೂ ನೆಟ್ ಹತ್ತಿರ ಅಪ್ಪಿಕೊಂಡ ಮೇಲೆ ಫೋನ್ ಗುಂಯ್‌ಗುಟ್ಟಿತು.

‘ಈಗ ಮಲಗ್ಲಾ?’

ಇಂತಿ ನಿನ್ನ,
ಹಾಸ್ಟೆಲ್ ಬೆಂಚಿನವನು