ನಕ್ಷತ್ರ ನೋಡಿ ದಾರಿ ಹೇಳುತ್ತಿದ್ದವರ ದನಿ ಉಳಿಸಿಕೊಳ್ಳಿ

ಮೈಸೂರಿನ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರಗಳು.

ಕಳೆದ ಕಾರ್ತಿಕದಲ್ಲಿ ನಮ್ಮ ತಂದೆ ತೀರಿಕೊಂಡರು. ವಾಯುಪಡೆಯಲ್ಲಿ ನ್ಯಾವಿಗೇಟರ್, ಅಂದರೆ ವಿಮಾನಕ್ಕೆ ದಾರಿ ಹೇಳುವವರು, ಆಗಿದ್ದವರು, ನಿವೃತ್ತಿಯ ನಂತರ ಕುವೆಂಪುನಗರದಲ್ಲಿ ನೆಲೆಸಿದ್ದರು. ತಾವು ಜಿಲ್ಲಾ ಸೈನಿಕ ಮಂಡಳಿಯ ಅಧ್ಯಕ್ಷರೂ ಆಗಿರುವುದರಿಂದ ಈ ಪತ್ರವನ್ನು ತಮಗೇ ಬರೆಯುತ್ತಿದ್ದೇನೆ. ಅಪ್ಪನ ಹೆಸರಿನಲ್ಲಿ ರಸ್ತೆಯನ್ನೋ ಪ್ರತಿಮೆಯನ್ನೋ ನಾನು ಕೇಳುತ್ತಿಲ್ಲ. ಅವರ ವಾರಿಗೆಯವರಲ್ಲಿ ಇನ್ನೂ ನಮ್ಮೊಡನೆ ಇರುವವರ ಮಾತುಗಳನ್ನು ಕನ್ನಡದಲ್ಲಿ ಧ್ವನಿಮುದ್ರಿಸಿಕೊಳ್ಳಿ ಎಂದು ಕೇಳುತ್ತಿದ್ದೇನೆ.

ಅಪ್ಪ ಪಾಂಡವಪುರದ ಕಡೆಯ ರೈತರ ಮಗ. ಆಂಟೊನೊವ್-12 ಎಂಬ ನಾಲ್ಕು ಇಂಜಿನ್ನಿನ ಸಾಗಣೆ ವಿಮಾನದಲ್ಲಿ ಅವರ ಆಸನವಿದ್ದುದು ಪೈಲಟ್‌ಗಳಿಗಿಂತಲೂ ಮುಂದೆ, ಗಾಜಿನ ಮೂತಿಯೊಳಗೆ. ಉಪಗ್ರಹ ದಾರಿ ತೋರಿಸುವ ಕಾಲ ಅದಲ್ಲ. ರಾತ್ರಿಯ ಹಾರಾಟದಲ್ಲಿ ಸೆಕ್ಸ್‌ಟಂಟ್ ಹಿಡಿದು ನಕ್ಷತ್ರದ ಎತ್ತರವನ್ನು ಅಳೆದು, ಕೋಷ್ಟಕ ನೋಡಿ, ನಕ್ಷೆಯ ಮೇಲೆ ಗೆರೆ ಎಳೆದು ತಾವು ಎಲ್ಲಿದ್ದೇವೆಂದು ಹೇಳಬೇಕಿತ್ತು. ಅದಕ್ಕೆಂದೇ ಆರಿಸಿಟ್ಟ 57 ನಕ್ಷತ್ರಗಳಿವೆ. ತರಬೇತಿಯಲ್ಲಿ ಆಲ್ಡೆಬರನ್, ರೆಗ್ಯುಲಸ್, ಸ್ಪೈಕಾ, ಆರ್ಕ್ಟರಸ್ ಎಂಬ ಹೆಸರುಗಳನ್ನು ಬಾಯಿಪಾಠ ಮಾಡುತ್ತಿದ್ದಾಗ, ಇವೆಲ್ಲ ತನ್ನ ಅವ್ವನಿಗೆ ಗೊತ್ತಿರುವ ಹೆಸರುಗಳೇ ಎಂದು ಅವರಿಗೆ ಒಮ್ಮೆಲೇ ಹೊಳೆಯಿತಂತೆ: ರೋಹಿಣಿ, ಮಘೆ, ಚಿತ್ತೆ, ಸ್ವಾತಿ. ಅಜ್ಜಿಗೆ ಅವು ಮಳೆಗಳು. 'ಬಂದರೆ ಮಘೆ, ಹೋದರೆ ಹೊಗೆ' ಎಂದು ಗದ್ದೆಯ ಬದುವಿನಲ್ಲಿ ನಿಂತು ಹೇಳುತ್ತಿದ್ದವರು ಅವರು. ಮಗನಿಗೆ ಅವೇ ದಾರಿಯಾದವು. ನಮ್ಮ ಮನೆಯ ತಾರಸಿಯಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಒಂದೊಂದು ನಕ್ಷತ್ರಕ್ಕೂ ಆ ಎರಡೆರಡು ಹೆಸರುಗಳನ್ನು ಹೇಳಿಕೊಡುತ್ತಿದ್ದರು.

ಲೇಹ್‌ಗೆ ಹೋಗುವ ದಿನಗಳಲ್ಲಿ ನಸುಕಿನ ಮೂರಕ್ಕೇ ಏಳಬೇಕಿತ್ತು. 10,600 ಅಡಿಗೂ ಎತ್ತರದ ಆ ನಿಲ್ದಾಣದಲ್ಲಿ ಬಿಸಿಲೇರಿದರೆ ಮೊದಲೇ ತೆಳುವಾದ ಗಾಳಿ ಇನ್ನೂ ತೆಳುವಾಗುತ್ತದೆ, ಮಧ್ಯಾಹ್ನದ ಗಾಳಿಯೂ ಎದ್ದುಬಿಡುತ್ತದೆ. ಹಾಗಾಗಿ ಅಷ್ಟರೊಳಗೆ ಸಾಮಾನು ಇಳಿಸಿ ಮರಳಬೇಕು. ಆ ಅಭ್ಯಾಸ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ನಿವೃತ್ತರಾದ ಮೇಲೂ ಮೂರಕ್ಕೆ ಎದ್ದು, ಕಾಫಿ ಡಿಕಾಕ್ಷನ್ ಇಳಿಸಿ, ಅಮ್ಮ ಏಳುವುದನ್ನೇ ಕಾಯುತ್ತಿದ್ದರು.

ಅಮ್ಮನಿಗೆ ಮರೆವಿನ ಕಾಯಿಲೆ ಬಂದ ಮೇಲೆ ಆರು ವರ್ಷ ಆಕೆಯನ್ನು ನೋಡಿಕೊಂಡವರು ಅಪ್ಪನೇ. ಹಾರಾಟದ ಲೆಕ್ಕ ಬರೆದಿಡುವ ಲಾಗ್ ಪುಸ್ತಕದ ಹಾಗೆಯೇ ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ, ಉದ್ದಗೆರೆ ಎಳೆದು, ಔಷಧಿ, ಊಟ, ನಿದ್ದೆ ಎಲ್ಲವನ್ನೂ ಗಂಟೆ ನಿಮಿಷಗಳೊಂದಿಗೆ ಬರೆದಿಟ್ಟಿದ್ದಾರೆ. ಒಂದು ದಿನದ ಷರಾ ಹೀಗಿದೆ: "ಬೆಳಿಗ್ಗೆ 7.10. ಮಗಳ ಹೆಸರು ಹಿಡಿದು ಕರೆದಳು." ಹನ್ನೊಂದು ಊರುಗಳಲ್ಲಿ ಸಂಸಾರ ಕಟ್ಟಿ ಬಿಚ್ಚಿದವಳು, ಅವಳ ಹಾರಾಟದ ಗಂಟೆಗಳನ್ನು ಯಾರೂ ಲೆಕ್ಕ ಇಡಲಿಲ್ಲ ಎನ್ನುತ್ತಿದ್ದರು.

1971ರ ಯುದ್ಧದಲ್ಲಿ ಆಂಟೊನೊವ್-12 ವಿಮಾನಗಳಿಗೆ ಬಾಂಬುಗಳನ್ನು ಹೇರಿ ಶತ್ರು ನೆಲೆಗಳತ್ತ ಕಳಿಸಿದ್ದರು. ಆ ಡಿಸೆಂಬರಿನ ಬಗ್ಗೆ ಅಪ್ಪನನ್ನು ಎಷ್ಟೋ ಸಲ ಕೇಳಿದ್ದೇನೆ. ಹೇಳಲು ಶುರು ಮಾಡಿದಾಗಲೆಲ್ಲ ನನಗೆ ಬೇರೇನೋ ಕೆಲಸವಿರುತ್ತಿತ್ತು. ಅವರ ಲಾಗ್ ಪುಸ್ತಕದಲ್ಲಿ ದಿನಾಂಕ, ಮಾರ್ಗ, ಗಂಟೆಗಳಿವೆ, ಅದೂ ಇಂಗ್ಲಿಷಿನಲ್ಲಿ. ದನಿ ಎಂದು ನನ್ನ ಬಳಿ ಉಳಿದಿರುವುದು ಮೊಬೈಲಿನಲ್ಲಿರುವ ನಾಲ್ಕು ನಿಮಿಷ. ಅದರಲ್ಲಿ ಸ್ವಾತಿಯನ್ನು ಹುಡುಕುವುದು ಹೇಗೆಂದು ಹೇಳುತ್ತಿದ್ದಾರೆ, ನಡುವೆ ಕುಕ್ಕರ್ ಕೂಗುತ್ತದೆ. ಈ ತಪ್ಪು ನನ್ನದೇ.

ಹೇಳುವವರಿಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರೇ ಸಾಕ್ಷಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತಮ್ಮ ಮಿಸ್ಟೇರ್ ವಿಮಾನದಿಂದ, ಅದಕ್ಕಿಂತ ಬಹಳ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಅನ್ನು ಹೊಡೆದುರುಳಿಸಿ ಮಡಿದರು. ನೋಡಿದ ನಮ್ಮವರು ಯಾರೂ ಇರಲಿಲ್ಲ. ಎದುರು ಪಕ್ಷದ ವಿವರಗಳು ಹೊರಬಂದ ಮೇಲಷ್ಟೇ ಸಂಗತಿ ತಿಳಿದು, ಮಹಾವೀರ ಚಕ್ರ ಬಂದದ್ದು 1988ರಲ್ಲಿ.

1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೂ ಈಗ ಎಪ್ಪತ್ತೈದರ ಆಸುಪಾಸು. ಅಂಥವರು ಯಾವ ಯಾವ ಊರು, ಬಡಾವಣೆಗಳಲ್ಲಿದ್ದಾರೆ ಎಂಬುದನ್ನು ಕಲೆಹಾಕುವ ಅಧಿಕಾರ ತಮಗಿದೆ. ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ, ಇತಿಹಾಸ ಓದುವ ಮಕ್ಕಳಿದ್ದಾರೆ. 1935ರಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ತೆರೆದ ಊರು ಇದು. ಯಾದವಗಿರಿಯಲ್ಲಿ ಆಕಾಶವಾಣಿ ಇದೆ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಲು ತಮ್ಮ ಒಂದು ಪತ್ರ ಸಾಕು. ಅಧಿಕಾರಿಗಳನ್ನಷ್ಟೇ ಅಲ್ಲ, ಇಂಜಿನ್ ಬಿಚ್ಚಿ ಜೋಡಿಸಿದವರನ್ನೂ ಮಾತನಾಡಿಸಬೇಕು. ಅವರ ಮನೆಯಾಕೆಯರನ್ನು ಮರೆಯಲೇಬಾರದು.

ಅಪ್ಪನ ಮೂರು ಲಾಗ್ ಪುಸ್ತಕಗಳನ್ನೂ ಆ ನೋಟ್‌ಬುಕ್ಕನ್ನೂ ನಕಲು ಮಾಡಿಕೊಳ್ಳಲು ಕೊಡುತ್ತೇನೆ. ನಮ್ಮ ಬೀದಿಯಲ್ಲೇ, ಎರಡು ಮನೆ ಆಚೆ, ವಿಮಾನಗಳ ದುರಸ್ತಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ಬೆಳಿಗ್ಗೆ ಹತ್ತರ ನಂತರ ಜಗಲಿಯಲ್ಲಿ ಕೂತಿರುತ್ತಾರೆ. ಎಡಗಿವಿ ಮಾತ್ರ ಕೇಳಿಸುತ್ತದೆ, ಆ ಕಡೆ ಕೂತು ಮಾತನಾಡಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ನ್ಯಾವಿಗೇಟರ್ ಒಬ್ಬರ ಮಗಳು
ಕುವೆಂಪುನಗರ, ಮೈಸೂರು